ಶುಕ್ರವಾರ ಹೊಸ್ತಿಲು ದಾಟದ ಹಣ

ಈ ಊರಿನಲ್ಲಿ ಬೆಂಕಿಯೂ ದುಡ್ಡು ತಿನ್ನುತ್ತದೆ. ನಾನು ಬಂದಿಳಿದ ಮೊದಲ ಸಂಜೆ ಮನೆಯೊಡತಿ ಕೋಣೆಯ ಗೋಡೆಯಲ್ಲಿದ್ದ ಕಬ್ಬಿಣದ ಡಬ್ಬಿಯೊಂದನ್ನು ತೋರಿಸಿ, ಅದಕ್ಕೊಂದು ಷಿಲ್ಲಿಂಗ್ ಹಾಕಿದರೆ ಗ್ಯಾಸ್ ಒಲೆ ಉರಿಯುತ್ತದೆ, ಕಾಸು ತೀರಿದೊಡನೆ ಆರುತ್ತದೆ ಎಂದಳು. ಷಿಲ್ಲಿಂಗ್ ಎಂದರೆ ಪೌಂಡಿನ ಇಪ್ಪತ್ತರಲ್ಲಿ ಒಂದು ಪಾಲು. ದಾವಣಗೆರೆಯ ನಮ್ಮ ಮಿಲ್ಲಿನ ಲೈನ್ ಮನೆಗಳಲ್ಲಿ ಬೆಂಕಿಪೊಟ್ಟಣ ಮುಗಿದರೆ ಅವ್ವ ಸೌಟು ಹಿಡಿದು ಪಕ್ಕದ ಮನೆಗೆ ಹೋಗಿ ಒಂದು ಕೆಂಡ ತರುತ್ತಿದ್ದಳು. ಅದಕ್ಕೆ ಯಾರೂ ಲೆಕ್ಕ ಇಟ್ಟದ್ದಿಲ್ಲ. ನನ್ನ ಜೇಬಿನಲ್ಲಿದ್ದದ್ದು ಪರದೇಶಕ್ಕೆ ಹೋಗುವವನಿಗೆ ನಮ್ಮ ಸರ್ಕಾರ ಕೊಡುತ್ತಿದ್ದ ಮೂರೇ ಮೂರು ಪೌಂಡು. ಕೋಟು ಬಿಚ್ಚದೆ ಮಲಗಿದೆ.

ಇದು ಇಂಗ್ಲೆಂಡಿನ ಉತ್ತರಕ್ಕಿರುವ ಹತ್ತಿ ಗಿರಣಿಗಳ ಊರು. ಅಪ್ಪ ದಾವಣಗೆರೆಯ ಮಿಲ್ಲೊಂದರ ನೇಯ್ಗೆ ಖಾತೆಯಲ್ಲಿ ಜಾಬರ್, ಅಂದರೆ ಕೂಲಿಗಳ ಮೇಲಿನ ಮುಂದಾಳು. ನಾನು ಅದೇ ಖಾತೆಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದೆ. ಅಪ್ಪನ ಮೇಲೆ ಇಡೀ ಖಾತೆಯ ಹೊಣೆ ಹೊತ್ತ ವೀವಿಂಗ್ ಮಾಸ್ತರರೊಬ್ಬರಿದ್ದರು. ಸ್ಥಿತಿವಂತರಿರುವ ಪಿ.ಜೆ. ಬಡಾವಣೆಯಲ್ಲಿ ಮನೆ, ಮೈಮೇಲೆ ಸದಾ ಬಿಳಿ ಬಟ್ಟೆ. ಇಲ್ಲಿನ ಕಾಲೇಜಿನಲ್ಲಿ ಒಂದು ವರ್ಷ ನೇಯ್ಗೆಯ ಡಿಪ್ಲೊಮಾ ಮಾಡಿ ಬಂದರೆ ಆ ಕುರ್ಚಿ ನನಗೂ ಸಿಗಬಹುದೆಂದು ಅಪ್ಪನ ಆಸೆ. ಕಾಲೇಜಿನಲ್ಲಿ ಸೀಟು ಸಿಕ್ಕಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ವಿದೇಶಿ ಹಣ ಮಂಜೂರು ಮಾಡುವ ಕಚೇರಿಯವರು, ನಿಮ್ಮ ಓದು ನಮ್ಮ ಪಟ್ಟಿಯಲ್ಲಿಲ್ಲ ಎಂದು ಅರ್ಜಿ ವಾಪಸ್ಸು ಕಳಿಸಿದರು. ಫೀಸು, ಕೋಣೆ, ಊಟ ಸೇರಿ ವರ್ಷಕ್ಕೆ ಮುನ್ನೂರು ಪೌಂಡಾದರೂ ಬೇಕಿತ್ತು.

ಆಗ ಹರಿಹರದ ರುದ್ರಪ್ಪನವರ ವಿಷಯ ತಿಳಿಯಿತು. ಅವರ ಅಣ್ಣ ಚನ್ನಬಸಪ್ಪ ಈ ಊರಿನಲ್ಲೇ ಗಿರಣಿ ಕೆಲಸದಲ್ಲಿದ್ದರು. ಊರಲ್ಲಿ ಮನೆ ಕಟ್ಟಿಸಲು ಅವರಿಗೆ ರೂಪಾಯಿ ಬೇಕು, ನನಗೆ ಪೌಂಡು ಬೇಕು. ಹರಿಹರದಲ್ಲಿ ನಾವು ರೂಪಾಯಿ ಕೊಟ್ಟರೆ ಇಲ್ಲಿ ಅವರು ಪೌಂಡು ಕೊಡುವುದೆಂದು ಮಾತಾಯಿತು. ಕಾನೂನಿಗೆ ಇದು ತಪ್ಪೇ, ಸುಳ್ಳೇಕೆ ಹೇಳಲಿ. ಹೊರಗೆ ಕಳ್ಳದಾರಿಯಲ್ಲಿ ಪೌಂಡಿಗೆ ಇಪ್ಪತ್ತರ ಹತ್ತಿರ ಕೇಳುತ್ತಿದ್ದಾಗ ರುದ್ರಪ್ಪನವರು, ಓದೋ ಹುಡುಗ, ಸರ್ಕಾರಿ ದರ ಹದಿಮೂರು ಚಿಲ್ಲರೆಗೇ ಕೊಡುತ್ತೇವೆ ಎಂದಿದ್ದರು. ಅಪ್ಪನ ಫಂಡಿನ ಹಣಕ್ಕೆ ಅವ್ವನ ಬಂಗಾರದ ಅವಲಕ್ಕಿ ಸರ ಮಾರಿದ್ದು ಸೇರಿಸಿ ನಾಲ್ಕು ಸಾವಿರ ಮಾಡಿದೆವು.

ಅದು ಅರವತ್ತಾರನೆಯ ಇಸವಿಯ ಜೂನ್ ಮೊದಲ ವಾರ. ಶುಕ್ರವಾರ ಅಪ್ಪ ಅಂಗಿ ತೊಟ್ಟು, ಹಣದ ಗಂಟನ್ನು ಚೀಲದಲ್ಲಿಟ್ಟು ಹೊರಟು ನಿಂತಿದ್ದ. ಅವತ್ತು ಕಾರಹುಣ್ಣಿಮೆ ಬೇರೆ. ಅವ್ವ ಹೋಳಿಗೆ ಲಟ್ಟಿಸುವುದನ್ನು ಬಿಟ್ಟು ಬಾಗಿಲಿಗೆ ಬಂದಳು.

"ಶುಕ್ರವಾರ ಲಕ್ಷ್ಮಿನ ಹೊರಗೆ ಕಳಿಸ್ತಾರೇನ್ರಿ? ಹಬ್ಬದ ದಿನ ಬ್ಯಾಡ. ಹರಿಹರ ಎಲ್ಲಿಗೆ ಓಡಿಹೋಕ್ಕತಿ?"

ಅಪ್ಪ ನನ್ನ ಮುಖ ನೋಡಿದ. ಹೋಗೋಣ ನಡೀರಿ ಎಂದು ನಾನೊಂದು ಮಾತು ಅಂದಿದ್ದರೆ ಹೊರಟುಬಿಡುತ್ತಿದ್ದ. ರೈಲಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೆ. ನನಗೆ ಹೋಳಿಗೆಯ ವಾಸನೆ ಬಡಿದಿತ್ತು, ಸುಮ್ಮನಿದ್ದೆ. ಶನಿವಾರ ಹಬ್ಬದ ಮಾರನೆಯ ಕರಿ, ಒಳ್ಳೆಯ ಕೆಲಸಕ್ಕೆ ಆಗದು. ಭಾನುವಾರ ಹೋಗಬಹುದಿತ್ತು. ಸೋಮವಾರ ಶಿವನ ವಾರ, ಹರಿಹರೇಶ್ವರನಿಗೆ ಕೈಮುಗಿದೇ ಕೊಟ್ಟು ಬರೋಣ ಎಂದು ಅಪ್ಪನೇ ಮುಂದೂಡಿದ. ಭಾನುವಾರ ರಾತ್ರಿ ದೆಹಲಿಯಲ್ಲಿ ರೂಪಾಯಿಯ ಬೆಲೆ ಇಳಿಸಿದರು.

ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಸೋಮವಾರ ದೇವರ ದರ್ಶನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ರುದ್ರಪ್ಪನವರ ಮನೆಗೆ ಹೋದೆವು. ಅವರು ಕೂಡ್ರಿ ಎಂದರು, ಚಹಾ ತರಿಸಿದರು, ಗಂಟನ್ನು ಮಾತ್ರ ಮುಟ್ಟಲಿಲ್ಲ. ರಾತ್ರೋರಾತ್ರಿ ಪೌಂಡಿಗೆ ಇಪ್ಪತ್ತೊಂದು ರೂಪಾಯಿ ಆಗಿದೆ ಎಂದು ಅವರೇ ನಮಗೆ ಬಿಡಿಸಿ ಹೇಳಬೇಕಾಯಿತು. ಅಪ್ಪ ಮೊದಲಿನ ಮಾತಿಗೆ ನಿಲ್ಲುವಂತೆ ಕೇಳಿಕೊಂಡ. ಮಿಲ್ಲಿನಲ್ಲಿ ಐವತ್ತು ಜನರನ್ನು ಗದರಿಸುವವನು ಅಲ್ಲಿ ಕೈ ಜೋಡಿಸಿದ್ದನ್ನು ನಾನು ನೋಡಿದೆ.

"ನಮ್ಮಣ್ಣ ಅಲ್ಲಿ ಹೊಟ್ಟೆ ಕಟ್ಟಿ ಉಳಿಸಿರೋದು ಪೌಂಡು ಐತ್ರಿ, ರೂಪಾಯಿ ಅಲ್ಲ. ಶುಕ್ರವಾರ ತಂದಿದ್ರೆ ನಾನು ತುಟಿ ಪಿಟಕ್ಕನ್ನದಂಗೆ ತಗೊಂತಿದ್ದೆ. ಈಗ ಹೆಂಗೆ ಹೇಳ್ರಿ?" ಎಂದರು ರುದ್ರಪ್ಪ. ಅವರದು ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಮನೆಗೆ ಬಂದಾಗ ಅವ್ವ ವಿಷಯ ಕೇಳಿ ಕಂಬಕ್ಕೊರಗಿ ಕೂತಳು. "ನಾನು ಬ್ಯಾಡ ಅಂದದ್ದಕ್ಕೆ ಹಿಂಗಾತೇನಪ್ಪಾ?" ಎಂದಳು. ಇಲ್ಲವ್ವ, ಇದ್ದುದರಲ್ಲೇ ಸಾಕಾಗುತ್ತದೆ ಎಂದೆ. ನಾನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು.

ಹಡಗಿನ ಟಿಕೆಟ್ಟೂ ಏರಿ ಗಂಟಿನಿಂದ ಸಾವಿರದ ಹತ್ತಿರ ನುಂಗಿತು. ಉಳಿದದ್ದನ್ನು ಹೊಸ ದರಕ್ಕೇ ರುದ್ರಪ್ಪನವರಿಗೆ ಕೊಟ್ಟೆವು. ಇಲ್ಲಿ ಚನ್ನಬಸಪ್ಪನವರು ನನ್ನ ಕೈಗಿತ್ತದ್ದು ನೂರ ನಲವತ್ತು ಚಿಲ್ಲರೆ ಪೌಂಡು. ಕಾಲೇಜಿನ ಗುಮಾಸ್ತ ಬಹಳ ಮರ್ಯಾದೆಯಿಂದಲೇ, ವರ್ಷದ ಖರ್ಚು ಪೂರ್ತಿ ತೋರಿಸದಿದ್ದರೆ ಸೇರಿಸಿಕೊಳ್ಳುವಂತಿಲ್ಲ, ಮುಂದಿನ ವರ್ಷ ಬನ್ನಿ ಎಂದ. ನಮ್ಮ ಕಡೆ ಇಲ್ಲ ಅನ್ನುವವರು ಕೂಗಾಡುತ್ತಾರೆ, ತಿರುಗಿ ಕೂಗಾಡಬಹುದು. ಇಲ್ಲಿ ಥ್ಯಾಂಕ್ಸ್ ಹೇಳಿ ಹೊರಬಂದೆ. ಚನ್ನಬಸಪ್ಪನವರೇ ಗಿರಣಿಯಲ್ಲಿ ರಾತ್ರಿ ಪಾಳಿಯ ಕೆಲಸ ಕೊಡಿಸಿದರು. ಮಗ್ಗದ ಕೆಳಗಿನ ಹತ್ತಿಯ ಧೂಳು ಗುಡಿಸುವುದು. ಮಗ್ಗಗಳೂ ಅವೇ! ಅಪ್ಪ ನಿಲ್ಲುವ ಖಾತೆಯಲ್ಲಿರುವ ಹಳೆಯ ಮಗ್ಗಗಳ ಮೇಲೆ ಎರಕ ಹೊಯ್ದಿರುವುದು ಇದೇ ಸೀಮೆಯ ಹೆಸರು. ವರ್ಷವಿಡೀ ಉಳಿಸಿ ಮತ್ತೆ ಕಾಲೇಜಿಗೆ ಹೋದರೆ, ಇಲ್ಲಿನ ಸರ್ಕಾರ ಹೊರದೇಶದವರ ಫೀಸನ್ನು ಮೂರು ಪಟ್ಟು ಮಾಡಿ ಕೂತಿತ್ತು. ಆಮೇಲೆ ನಾನು ಆ ಬೀದಿಗೆ ಹೋಗಲಿಲ್ಲ.

ಈ ಊರಿನವರು ಕೆಟ್ಟವರಲ್ಲ. ಬಸ್ಸಿನ ಕಂಡಕ್ಟರ್ ಹೆಂಗಸು ಎಲ್ಲರನ್ನೂ 'ಲವ್' ಎಂದು ಕರೆಯುತ್ತಾಳೆ, ನಮ್ಮಲ್ಲಿ ಮುದುಕಿಯರು ಗುರುತಿಲ್ಲದವರನ್ನೂ 'ಯಪ್ಪಾ' ಅನ್ನುವಂತೆ. ಆದರೆ ಯಪ್ಪಾ ಅಂದವರು ಉಂಡೆಯಾ ಎಂದೂ ಕೇಳುತ್ತಾರೆ. ಇಲ್ಲಿ ಹವೆಯ ಸುದ್ದಿ ಬಿಟ್ಟರೆ ಇನ್ನೊಂದು ಕೇಳುವವರಿಲ್ಲ. ರೊಟ್ಟಿ ಬಡಿಯಲು ಜೋಳದ ಹಿಟ್ಟು ಎಲ್ಲಿಯೂ ಸಿಗದು. ಭಾನುವಾರಗಳಂದು ಕನ್ನಡ ಮರೆಯಬಾರದೆಂದು ನನ್ನೊಡನೆ ನಾನೇ ಗಟ್ಟಿಯಾಗಿ ಮಾತಾಡಿಕೊಂಡದ್ದುಂಟು. ಗೋಡೆಯಾಚೆಯವನು ದಬದಬ ಬಡಿದು ಬಾಯಿ ಮುಚ್ಚಿಸಿದ.

ಮನೆಗೆ ಮಾತ್ರ ತಪ್ಪದೆ ಬರೆದೆ. ಕಾಲೇಜು ಚೆನ್ನಾಗಿದೆ. ಪರೀಕ್ಷೆ ಮುಗಿಯಿತು. ಈಗ ದೊಡ್ಡ ಗಿರಣಿಯಲ್ಲಿ ಅನುಭವಕ್ಕೆಂದು ಇಟ್ಟುಕೊಂಡಿದ್ದಾರೆ. ನಿಜ ಬರೆದರೆ ಅವ್ವ ಕಂಬಕ್ಕೊರಗಿ ಕೂರುತ್ತಾಳೆ, ಆ ಶುಕ್ರವಾರವನ್ನೇ ನೆನೆಯುತ್ತಾಳೆ. ಬರಿಗೈಯಲ್ಲಿ ಊರಿಗೆ ಹೋದರೂ ಅದೇ ಕಥೆ. ಅವ್ವನಿಗೆ ತಿಳಿಯಬಾರದು ಎಂದು ಮೂರು ವರ್ಷ ಹೋಗಲಿಲ್ಲ.

ಹೋದ ತಿಂಗಳು ಅವ್ವ ತೀರಿಕೊಂಡಳು. ನನಗೆ ಸುದ್ದಿ ಮುಟ್ಟಿದಾಗ ಮಣ್ಣಾಗಿ ಹನ್ನೆರಡು ದಿನವಾಗಿತ್ತು. ಅಪ್ಪನ ಕಾಗದದಲ್ಲಿ ಕೊನೆಗೆ ಹೀಗಿತ್ತು:

"ನೀನು ಕಾಲೇಜು ಸೇರಲಿಲ್ಲ ಅಂಬೋದು ನಮಗೆ ಮೊದಲನೇ ವರ್ಷವೇ ಹರಿಹರದಿಂದ ತಿಳಿದಿತ್ತು. ಬೈದು ಬರೀತೀನಿ ಅಂದೆ. ನಿಮ್ಮವ್ವ ಬ್ಯಾಡ ಅಂದಳು. ನಮಗೆ ಗೊತ್ತೈತೆ ಅಂದ್ರೆ ನಾಚಿಕೆ ಪಟ್ಟು ಊರಿಗೇ ಬರಲಿಕ್ಕಿಲ್ಲ, ಗೊತ್ತಿಲ್ಲದಂಗೆ ಇರ್ರಿ, ಬರ್ತಾನೆ ಅಂದಳು. ನಿನ್ನ ಕಾಗದ ಓದಿಸಿಕೊಂಡು, ಪಾಸಾದನಂತೆ ಅಂತ ಲೈನಿಗೆಲ್ಲ ಸಕ್ಕರೆ ಹಂಚಿದಳು. ಈಗಾದರೂ ಬಾ."

ಹಡಗಿನ ಖರ್ಚಿಗೆ ಆಗುವಷ್ಟು ಹಣ ಈಗ ನನ್ನಲ್ಲಿದೆ. ಇಲ್ಲಿ ಹಿಡಿದಿಟ್ಟುಕೊಳ್ಳುವವರು ಯಾರೂ ಇಲ್ಲ. ಊರಿನ ಲೈನ್ ಮನೆಗಳವರ ಪಾಲಿಗೆ ನಾನು ಇಂಗ್ಲೆಂಡಿನಲ್ಲಿ ಪಾಸಾದ ಮಾಸ್ತರ. ಅವ್ವ ಹಂಚಿದ ಸಕ್ಕರೆ ತಿಂದ ಅವರ ಮುಂದೆ ಹೋಗಿ ನಾನು ಕಸ ಗುಡಿಸುವವನು ಎಂದರೆ, ಸತ್ತವಳನ್ನು ಸುಳ್ಳುಗಾತಿ ಮಾಡಿದ ಹಾಗಾಗುತ್ತದೆ. ಮಾಸ್ತರನೇ ಎಂದುಕೊಂಡು ಬಾಳಲು ಡಿಪ್ಲೊಮಾದ ಕಾಗದವಿಲ್ಲ. ಬರುತ್ತೇನೆಂದು ಅಪ್ಪನಿಗೆ ಬರೆದು ಎರಡು ವಾರವಾಯಿತು. ಟಿಕೆಟ್ಟು ಕೊಳ್ಳಲು ಇನ್ನೂ ಹೋಗಿಲ್ಲ.