ಹೇರೋಹಳ್ಳಿಯ ಸೆನೆಟರ್

ನಮ್ಮ ರಾಜಾಜಿನಗರದ ಕಾಲೇಜಿನಲ್ಲಿ ಊಟವಾದ ಮೇಲಿನ ಪೀರಿಯಡ್ಡಿಗೆ ಅಮೆರಿಕದ ಸರ್ಕಾರ ಎಂಬ ಪಾಠ ಹಾಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಪಾಠ ಮಾಡುವ ಮೇಷ್ಟ್ರು ಮಾತ್ರ ನಾನೇ. ಕಳೆದ ವಾರ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ನಿಯಮಗಳನ್ನು ವಿವರಿಸುತ್ತಿದ್ದಾಗ ಮೂರನೇ ಬೆಂಚಿನಿಂದ ಗೊರಕೆ ಕೇಳಿಸಿತು.

ಸಿಟ್ಟು ಬಂತು. (ಗೊರಕೆ ಹೊಡೆದವನ ಮೇಲಲ್ಲ. ಆ ಹೊತ್ತಿಗೆ ನನಗೂ ನಿದ್ದೆ ಬರುತ್ತಿತ್ತು.) ವಾಷಿಂಗ್ಟನ್ನಿಗೂ ವಿಜಯನಗರದ ಹುಡುಗನಿಗೂ ಏನು ಸಂಬಂಧ? ನೋಟ್ಸ್ ಬರೆಸಿದರೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಕಕ್ಕುತ್ತಾರೆ, ಮರೆಯುತ್ತಾರೆ.

ಮರುದಿನ ಪುಸ್ತಕ ಮುಚ್ಚಿಟ್ಟೆ. ಈ ಕ್ಲಾಸೇ ಸೆನೆಟ್, ನೀವು ಬರುವ ಏರಿಯಾಗಳೇ ರಾಜ್ಯಗಳು ಎಂದೆ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ಸೆನೆಟರುಗಳು ಇಬ್ಬರೇ. ಅರ್ಧ ಕ್ಲಾಸು ತುಂಬಿದ್ದ ರಾಜಾಜಿನಗರಕ್ಕೂ ಇಬ್ಬರು. ಊರಂಚಿನ ಹೇರೋಹಳ್ಳಿಯಿಂದ ಬರುವವಳು ಗಂಗಲಕ್ಷ್ಮಿ ಒಬ್ಬಳೇ, ಹಾಗಾಗಿ ಆ ಊರಿಗೆ ಅವಳೊಬ್ಬಳೇ. ಹಾಜರಿ ಕರೆದಾಗ ‘ಎಸ್ ಸಾರ್’ ಅನ್ನುವುದು ಬಿಟ್ಟರೆ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ.

ಹುಮ್ಮಸ್ಸಿನಲ್ಲಿ ಒಂದು ಎಡವಟ್ಟು ಮಾಡಿದೆ. ನೀವು ಏನು ಪಾಸ್ ಮಾಡಿದರೂ ಪ್ರಿನ್ಸಿಪಾಲರಿಗೆ ಹೇಳಿ ಜಾರಿ ಮಾಡಿಸುತ್ತೇನೆ ಎಂದುಬಿಟ್ಟೆ.

ರಾಜಾಜಿನಗರದ ಸೆನೆಟರ್ ರಾಜಶೇಖರ ತಕ್ಷಣ ಬಿಲ್ ತಂದ. ಕ್ಲಾಸುಗಳೆಲ್ಲ ಬೆಳಗ್ಗೆ ಏಳಕ್ಕೇ ಶುರುವಾಗಲಿ, ಮಧ್ಯಾಹ್ನ ಬಿಡುವಿರಲಿ. (ಮ್ಯಾಟಿನಿ ಎಂಬ ಪದವನ್ನು ಅವನು ಬಳಸಲಿಲ್ಲ. ರಾಜಕೀಯದಲ್ಲಿ ಮುಂದೆ ಬರುತ್ತಾನೆ.) ಬಸವೇಶ್ವರನಗರ, ವಿಜಯನಗರ, ಎಲ್ಲವೂ ಅವನ ಕಡೆ. ಆ ವರ್ಷದ ಟೈಮ್ ಟೇಬಲ್ ಅಂದೇ ಸಂಜೆ ನೋಟಿಸ್ ಬೋರ್ಡಿಗೆ ಹೋಗುವುದಿತ್ತು, ಬದಲಾಯಿಸುವುದಿದ್ದರೆ ಅಷ್ಟರೊಳಗೇ. ಪ್ರಿನ್ಸಿಪಾಲರಿಗೂ ಬೆಳಗಿನ ಕ್ಲಾಸೆಂದರೆ ಇಷ್ಟ. ಇನ್ನೇನು, ಕೈ ಎತ್ತಿಸುವುದೊಂದೇ ಬಾಕಿ.

ಗಂಗಲಕ್ಷ್ಮಿ ಎದ್ದು ನಿಂತಳು. ಅಭ್ಯಾಸಬಲದಿಂದ ‘ಕೂತ್ಕೋಮ್ಮ’ ಎಂದೆ. ಕೂರಲಿಲ್ಲ.

“ಸಾರ್, ಸೆನೆಟಲ್ಲಿ ಕೂತ್ಕೊಳ್ದೇ ಇದ್ರೆ ಎಷ್ಟೊತ್ತು ಬೇಕಾದ್ರೂ ಮಾತಾಡ್ಬೋದು ಅಂದಿದ್ರಲ್ವಾ?”

ಅಂದಿದ್ದೆ. ಗೊರಕೆಯ ದಿನವೇ. ಒಬ್ಬಳಾದರೂ ಕೇಳಿಸಿಕೊಂಡಿದ್ದಳಲ್ಲ ಎಂದು ಖುಷಿಯಾಯಿತು. ಹಾಗೆ ನಿಂತವರ ಮಾತು ಮುಗಿಯುವ ತನಕ ಬಿಲ್ಲನ್ನು ಮತಕ್ಕೆ ಹಾಕುವಂತಿಲ್ಲ. ವಿಷಯ ಯಾವುದಾದರೂ ಆಗಬಹುದು. ಬೆಲ್ಲಿಗೆ ಇನ್ನೂ ಅರ್ಧ ಗಂಟೆಯಿತ್ತು.

ಶುರುಮಾಡಿದಳು. ಏಳಕ್ಕೆ ಕ್ಲಾಸಾದರೆ ತನಗೆ ಹೇರೋಹಳ್ಳಿಯಿಂದ ಬಸ್ಸಿಲ್ಲ. ಮನೆಯಲ್ಲಿ ಹಾಲು ಕರೆದು ಬರಬೇಕು. ಕ್ಲಾಸು ತಪ್ಪತೊಡಗಿದರೆ ಅಪ್ಪ ಕಾಲೇಜೇ ಬಿಡಿಸುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಮಾತು ಮುಗಿಯಿತು. ಗಡಿಯಾರ ನೋಡಿದೆ, ಬೆಲ್ಲಿಗೆ ಇನ್ನೂ ಬಹಳ ಹೊತ್ತಿತ್ತು. ಈಗ ಕೂತರೆ ಅವಳ ಓದೂ ಕೂತ ಹಾಗೆ.

ಹಸುವಿನ ಮಾತು ತೆಗೆದಳು. ಕರು ತಪ್ಪಿಸಿಕೊಂಡು ಊರಾಚೆಯ ಶ್ರೀಗಂಧದ ಕಾವಲಿನ ಕಡೆ ಹೋದದ್ದು, ಅಜ್ಜಿಯ ಜೊತೆ ತಾನು ಹುಡುಕಲು ಹೊರಟದ್ದು, ಅಜ್ಜಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಕರುವಿನ ಗುಣಗಾನ ಮಾಡುತ್ತಾ ನಿಂತದ್ದು. ಮೊದಲು ಹುಡುಗರು ನಕ್ಕರು. ಆಮೇಲೆ ಮುಂದಕ್ಕೆ ಬಾಗಿ ಕೂತರು. ಗೊರಕೆಯ ಮಹಾಶಯ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ. ಕಿಟಕಿಯಾಚೆ ಪ್ರಿನ್ಸಿಪಾಲರು ನಿಂತು, ಇದೇನ್ರೀ ಎಂದು ಕಣ್ಣಲ್ಲೇ ಕೇಳಿದರು. ಅಮೆರಿಕದ ರಾಜಕೀಯ ಸಾರ್ ಎಂದೆ.

ಪೊದೆಯೊಳಗೆ ಏನೋ ಅಲುಗಾಡಿತು ಅನ್ನುವಷ್ಟರಲ್ಲಿ ಬೆಲ್ ಹೊಡೆಯಿತು. ಮತ ಹಾಕಲು ಹೊತ್ತೇ ಉಳಿಯಲಿಲ್ಲ. ಗಂಗಲಕ್ಷ್ಮಿ ಉಸಿರು ಬಿಟ್ಟು ಕೂತಳು.

ಹೊರಗೆ ಹೋಗಲು ಯಾರೂ ಏಳಲಿಲ್ಲ. ರಾಜಶೇಖರ ಮಾತ್ರ ಎದ್ದು ನಿಂತ.

“ಬಿಲ್ ಹಾಳಾಗ್ಲಿ ಬಿಡಿ ಸಾರ್. ಕರು ಸಿಕ್ತೋ ಇಲ್ವೋ ಕೇಳಿ.”

ಸಿಕ್ಕಿತ್ತಂತೆ. ಕಾಲೇಜಿನ ವೇಳೆಯೂ ಮೊದಲಿನ ಹಾಗೇ ಉಳಿಯಿತು. ಈಗ ನನ್ನ ಪೀರಿಯಡ್ಡಿನಲ್ಲಿ ಯಾರೂ ನಿದ್ದೆ ಮಾಡುತ್ತಿಲ್ಲ. ಯಾವ ನಿಯಮ ಯಾವಾಗ ಕೆಲಸಕ್ಕೆ ಬರುತ್ತದೋ ಎಂಬ ಭಯ ಎಲ್ಲರಿಗೂ ಹತ್ತಿದೆ.

ನಿಂತಿರುವ ತನಕ ಮಾತನಾಡಬಹುದು ಎಂಬುದೇನೋ ಅಮೆರಿಕದ ನಿಯಮ. ಹುಡುಗಿ ಬಾಯಿ ತೆರೆಯುವ ಮೊದಲೇ ‘ಕೂತ್ಕೋಮ್ಮ’ ಅನ್ನುತ್ತೇವಲ್ಲ, ಅದು ಯಾವ ದೇಶದ್ದು?