ಅವಳ ಉಚ್ಚಾರದ ಪಟ್ಟಿ

ಆ ಭಾನುವಾರ ಮಧ್ಯಾಹ್ನ ನಾನು ಮಾಡಿದ್ದು ಒಂದೇ ಸಾಲಿನ ಕೆಲಸ. ಮುಂಬೈಯ ವಡಾಲದ ನಮ್ಮ ಎರಡು ಕೋಣೆಯ ಮನೆಯಲ್ಲಿ ಹೆಂಡತಿಯ ಲ್ಯಾಪ್‌ಟಾಪ್ ತೆಗೆದು, ಕಪ್ಪು ಪರದೆಯಲ್ಲಿ ಪ್ರೋಗ್ರಾಮುಗಳನ್ನು ತಂದು ಕೂರಿಸುವ ಪ್ಯಾಕೇಜ್ ಮ್ಯಾನೇಜರಿಗೆ ಆಜ್ಞೆ ಟೈಪ್ ಮಾಡಿದೆ: ಇದರಲ್ಲಿರುವ ಪ್ರೋಗ್ರಾಮುಗಳನ್ನೆಲ್ಲ ಹೊಸದು ಮಾಡು. ತಿಂಗಳುಗಟ್ಟಲೆ ಅಪ್‌ಡೇಟ್ ಮಾಡಿರಲಿಲ್ಲ. ಮುಂದುವರಿಯಲೇ ಎಂದು ಅದು ಕೇಳುವ ಮೊದಲೇ ಹೌದೆನ್ನುವ ‘ವೈ’ ಅಕ್ಷರವನ್ನು ಕೊನೆಗೆ ಸೇರಿಸಿದ್ದೆ. ಅಂಧೇರಿಯ ಆಫೀಸಿನಲ್ಲಿ ನೂರಾರು ಮಷೀನು ನೋಡಿಕೊಳ್ಳುವವನಿಗೆ ಅಂಟಿದ ಚಟ ಅದು. ನಮ್ಮಲ್ಲಿ ಯಾರೂ ಆ ಪ್ರಶ್ನೆಯನ್ನು ಓದುವುದಿಲ್ಲ.

ಆ ಲ್ಯಾಪ್‌ಟಾಪ್ ನನ್ನ ಹೆಂಡತಿಯ ಬಾಯಿ. ಎರಡು ವರ್ಷದ ಹಿಂದೆ ಗಂಟಲ ಕ್ಯಾನ್ಸರಿಗೆ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಅಂದಿನಿಂದ ಅವಳು ಟೈಪ್ ಮಾಡುತ್ತಾಳೆ, ಒಂದು ಪ್ರೋಗ್ರಾಮು ಅದನ್ನು ಗಟ್ಟಿಯಾಗಿ ಓದುತ್ತದೆ. ನಾವು ವಿಜಯಪುರ ಕಡೆಯ ಮುಸಲ್ಮಾನರು, ಮನೆಮಾತು ದಖನಿ ಉರ್ದು, ಜೊತೆಗೆ ನಮ್ಮ ಕಡೆಯ ಕನ್ನಡ. ಯಂತ್ರಕ್ಕೆ ದಖನಿ ಎಲ್ಲಿಂದ ಬರಬೇಕು? ಕನ್ನಡದ ದನಿಯೊಂದಿತ್ತು. ಕನ್ನಡ ಶಾಲೆಯಲ್ಲಿ ಕಲಿತ ಅವಳು ದಖನಿಯನ್ನು ಕನ್ನಡ ಅಕ್ಷರದಲ್ಲೇ ಬರೆದಳು. ಅದು ವಾರ್ತೆ ಓದುವವರ ಹಾಗೆ ಓದಿತು. ಅವಳಿಗೆ ಮೈಯೆಲ್ಲ ಉರಿಯಿತು. “ನಾ ಹಿಂಗ ಮಾತಾಡ್ತಿದ್ನೇನ್ರಿ?” ಎಂದು ಸ್ಲೇಟಿನಲ್ಲಿ ಬರೆದು ನನ್ನ ಮುಖಕ್ಕೆ ಹಿಡಿದಳು.

ಆಮೇಲೆ ಎಂಟು ತಿಂಗಳು ಇಬ್ಬರೂ ಕೂತು ಅದನ್ನು ತಿದ್ದಿದೆವು. ಯಾವ ಪದವನ್ನು ಎಳೆಯಬೇಕು, ಎಲ್ಲಿ ತಡೆಯಬೇಕು, ತಾಯಿಯನ್ನು ‘ಅಮ್ಮೀ’ ಎಂದು ಕರೆಯುವಾಗ ದನಿ ಎಷ್ಟು ಏರಬೇಕು ಎಂದು ಅವಳು ಬರೆದು ತೋರಿಸುವಳು. ನಾನು ಉಚ್ಚಾರದ ಪಟ್ಟಿಗೆ ಸೇರಿಸುವೆ. ಅವಳು ಕೇಳಿ, ಅಲ್ಲ, ಅಲ್ಲ ಎಂದು ತಲೆಯಲ್ಲಾಡಿಸುವಳು. ಪಟ್ಟಿ ಸಾವಿರ ಪದದ ಹತ್ತಿರ ಬಂದಿತ್ತು. ಮೊಬೈಲಿನ ಆಪ್‌ಗಳಲ್ಲಿ ಹೀಗೆ ತಿದ್ದಲು ಬರುತ್ತಿರಲಿಲ್ಲ. ವಿಜಯಪುರದಲ್ಲಿ ಮಗನ ಜೊತೆ ಇರುವ ನನ್ನ ಅತ್ತೆಗೆ ಓದು ಬರಹ ಬಾರದು. ದಿನಾ ನಾಲ್ಕು ಗಂಟೆಗೆ ಮಗಳಿಗೆ ಫೋನ್ ಮಾಡುತ್ತಾರೆ. ಮೊದಮೊದಲು ಯಂತ್ರದ ದನಿ ಕೇಳಿದರೆ ಫೋನ್ ಇಟ್ಟುಬಿಡುತ್ತಿದ್ದವರು, ಬರಬರುತ್ತ ಮಗಳನ್ನು ಬೈಯುತ್ತಿದ್ದ ಹಾಗೇ ಅದನ್ನು ಬೈಯತೊಡಗಿದರು. ಮಗಳೆಂದು ಒಪ್ಪಿಕೊಂಡರು ಎಂದು ನಮಗೆ ಆಗ ಗೊತ್ತಾಯಿತು.

ಆ ಪಟ್ಟಿಯನ್ನು ನಾನು ಬೇರೆಲ್ಲೂ ನಕಲು ಮಾಡಿಟ್ಟಿರಲಿಲ್ಲ. ಆ ಓದುವ ಪ್ರೋಗ್ರಾಮಿನ ಸ್ವಂತ ಫೈಲಿನಲ್ಲೇ ತಿದ್ದಿದ್ದೆ. ಹೊಸ ಆವೃತ್ತಿ ಬಂದರೆ ಅಂಥ ಫೈಲು ಅಳಿಸಿಹೋಗಿ ಹೊಸದು ಕೂರುತ್ತದೆ ಎಂದು ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವನು ನಾನೇ. ಬ್ಯಾಕಪ್ ಯಾಕಿಲ್ಲ ಎಂದು ಉಗಿಯುವವನೂ ನಾನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತು.

ಅಪ್‌ಡೇಟ್ ಮುಗಿದಾಗ ಎರಡೂವರೆ. ಅವಳು ಅಡುಗೆಮನೆಯಿಂದ ಬಂದು, ಚಾ ಬೇಕೇನು ಎಂದು ಟೈಪ್ ಮಾಡಿದಳು. ಮತ್ತೆ ಆ ವಾರ್ತೆಯ ದನಿ ಹೊರಟಿತು. ಅವಳು ಕೈ ಹಿಂದಕ್ಕೆಳೆದುಕೊಂಡು ನನ್ನನ್ನು ನೋಡಿದಳು. ಏನಾಗಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು.

ನಾಲ್ಕಕ್ಕೆ ಇನ್ನು ಒಂದೂವರೆ ಗಂಟೆ. ಹಳೆಯ ಆವೃತ್ತಿಯನ್ನು ಹುಡುಕಿ ಹಾಕಿದೆ. ಬಂತು, ಆದರೆ ಅಂಗಡಿಯಿಂದ ಈಗ ತಾನೇ ತಂದ ಹಾಗೆ, ನಮ್ಮ ಒಂದು ಪದವೂ ಇಲ್ಲದೆ. ಅಳಿದ ಫೈಲುಗಳನ್ನು ಡಿಸ್ಕಿನಿಂದ ಎತ್ತುವ ಪ್ರೋಗ್ರಾಮು ಓಡಿಸಿದೆ. ಓದಲು ಬಾರದ ಚೂರುಗಳು ಸಿಕ್ಕವು. ಆಫೀಸಿನ ಗೆಳೆಯನಿಗೆ ಫೋನ್ ಮಾಡಿದರೆ, “ಅರೇ ಯಾರ್, ಓವರ್‌ರೈಟ್ ಹೋ ಗಯಾ ತೋ ಗಯಾ” ಎಂದ; ಮೇಲೆ ಹೊಸದು ಬರೆದಾಯಿತೆಂದರೆ ಹಳೆಯದು ಹೋದ ಹಾಗೇ. ಯಾ ಅಲ್ಲಾ, ಇದೊಂದು ಸಲ ಎಂದು ಬೇಡಿಕೊಂಡೆ. ಶುಕ್ರವಾರದ ನಮಾಜನ್ನೂ ತಪ್ಪಿಸುವವನು ಯಾವ ಮುಖ ಹೊತ್ತು ಬೇಡಿದೆನೋ.

ನಾಲ್ಕಕ್ಕೆ ಸರಿಯಾಗಿ ಫೋನ್ ಬಂತು. ಅವಳು ಸ್ಪೀಕರ್ ಹಾಕಿ ಟೈಪ್ ಮಾಡಿದಳು. “ಅಮ್ಮೀ, ಖಾನಾ ಹುವಾ ಕ್ಯಾ?” ಎಂದು ಊಟದ ವಿಚಾರ ಕೇಳಿತು ಯಂತ್ರ.

“ಕೌನ್ ಜೀ ತುಮೆ?” ಎಂದರು ಅತ್ತೆ. “ಮೇರಿ ಬೇಟಿಕು ಫೋನ್ ದೇವ್.” ಯಾರು ನೀವು, ನನ್ನ ಮಗಳಿಗೆ ಫೋನ್ ಕೊಡಿ ಎನ್ನುತ್ತಿದ್ದರು.

ನಾನೇ ಅಮ್ಮೀ, ನಾನೇ ಎಂದು ಅವಳು ಮತ್ತೆ ಮತ್ತೆ ಟೈಪ್ ಮಾಡಿದಳು. ಹೇಳಿದಷ್ಟೂ ಅತ್ತೆಯ ಗಾಬರಿ ಹೆಚ್ಚಿತು. ಮಗಳಿಗೆ ಏನಾಯಿತು, ಅವಳ ಬದಲು ಯಾರಿಂದ ಮಾತಾಡಿಸುತ್ತಿದ್ದೀರಿ ಎಂದು ಅಳತೊಡಗಿದರು. ನಾನು ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ.

“ಮತ್ತ ಮಾಡೋಣು,” ಎಂದೆ ಹೆಂಡತಿಗೆ. “ನೀ ಹೇಳ್ಕೋತ ಹೋಗು, ನಾ ಹಾಕ್ತೀನಿ. ಈ ಸಲ ನಾಕು ಕಡೆ ಬ್ಯಾಕಪ್ ಇಡ್ತೀನಿ. ಮೊದಲ ಅಮ್ಮೀ ಅನ್ನೂದು. ಹ್ಯಾಂಗ ಅಂತಿದ್ದಿ, ಬರಿ.”

ಅವಳು ಸ್ಲೇಟು ತೊಡೆಯ ಮೇಲಿಟ್ಟುಕೊಂಡಳು. ತುಟಿ ಅಲ್ಲಾಡಿತು. ಬರೆದಳು, ಒರೆಸಿದಳು, ಮತ್ತೆ ಬರೆದಳು.

“ನೆನಪಾಗವಲ್ದು. ಇಷ್ಟು ದಿನ ಇದರ ದನೀನ ಕೇಳ್ಕೋತ ಬಂದೀನಿ. ನನ್ನ ದನಿ ಹ್ಯಾಂಗಿತ್ತು, ನೀವ ಹೇಳ್ರಿ.”

ಹನ್ನೊಂದು ವರ್ಷ ಆ ದನಿಯ ಜೊತೆ ಸಂಸಾರ ಮಾಡಿದವನು ನಾನು. ಆಪರೇಷನ್ನಿಗೆ ಮೊದಲು ಅದನ್ನು ರೆಕಾರ್ಡ್ ಮಾಡಿಡಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ; ಹಳೆಯ ಮೊಬೈಲಿನ ವಿಡಿಯೋಗಳೂ ಉಳಿದಿರಲಿಲ್ಲ. ಕಣ್ಣು ಮುಚ್ಚಿ, ಅವಳು ನನ್ನನ್ನು ಕರೆಯುತ್ತಿದ್ದುದನ್ನು, ಬೈಯುತ್ತಿದ್ದುದನ್ನು ನೆನೆಯಲು ನೋಡಿದೆ. ಆಡಿದ ಮಾತೆಲ್ಲ ನೆನಪಿತ್ತು. ಕಿವಿಯಲ್ಲಿ ಕೇಳಿಸಿದ್ದು ಮಾತ್ರ ನಾವು ತಿದ್ದಿ ತಿದ್ದಿ ಮಾಡಿದ ಆ ಯಂತ್ರದ ದನಿ. ನನಗೂ ನೆನಪಿಲ್ಲ ಎಂದು ಅವಳಿಗೆ ಹೇಳಿಬಿಟ್ಟೆ. ಹೇಳಬಾರದಿತ್ತು.