ನೂಲಿನಲ್ಲಿ ಅಳೆದ ಮುದ್ದೆ

ರಾಗಿ ಹಿಟ್ಟು ಬೇಯುವಾಗ ಒಂದು ಹೊತ್ತು ಬರುತ್ತದೆ. ಹಸಿ ವಾಸನೆ ಹೋಗಿ, ಬಿಸಿಲಿಗೆ ಕಾದ ಅಂಗಳಕ್ಕೆ ನೀರು ಚೆಲ್ಲಿದಂಥ ಘಮ ಏಳುವ ಹೊತ್ತು. ಸೋಂಪುರದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ಗುಣಮಟ್ಟ ನೋಡಿಕೊಳ್ಳುವುದು ಈಗ ನನ್ನ ಕೆಲಸ. ಮೊನ್ನೆ ದೊಡ್ಡ ಪಾತ್ರೆಯ ಮುಚ್ಚಳ ತೆಗೆದಾಗ ಆ ಘಮ ಮುಖಕ್ಕೆ ರಾಚಿತು. ಇಲ್ಲಿ ಮುದ್ದೆಯನ್ನು ಅಚ್ಚಿನಲ್ಲಿ ಒತ್ತುತ್ತಾರೆ. ಎಲ್ಲವೂ ಒಂದೇ ಗಾತ್ರ, ಒಂದೇ ತೂಕ. ಯಾರ ಕೈಯ ಗುರುತೂ ಇಲ್ಲ. ಸಾಲಾಗಿ ಕೂತ ಆ ಮುದ್ದೆಗಳನ್ನು ನೋಡುತ್ತಾ ನಿಂತಿದ್ದವಳಿಗೆ ನಮ್ಮ ಮೇಡಂ ನೆನಪಾದರು...

ನಾನು ದೊಡ್ಡಬಳ್ಳಾಪುರದಲ್ಲಿ ಪೋಷಣೆ ಮತ್ತು ಪಥ್ಯಾಹಾರದ ಡಿಗ್ರಿ ಓದುತ್ತಿದ್ದಾಗ ಅವರು ನಮಗೆ ಅತಿಥಿ ಉಪನ್ಯಾಸಕಿ. ಕೊನೆಯ ವರ್ಷ ಒಂದು ಸಂಶೋಧನೆ ಮಾಡಬೇಕು ಎಂದು ಸಿಲಬಸ್ ಹೇಳುತ್ತಿತ್ತು. ಹೇಳುತ್ತಿತ್ತು, ಅಷ್ಟೇ. ಸೀನಿಯರ್‌ಗಳ ಪ್ರಾಜೆಕ್ಟಿಗೆ ಹೊಸ ರಟ್ಟು ಹಾಕಿಸಿ ಕೊಡುವುದು ನಮ್ಮ ಕಾಲೇಜಿನ ಸಂಪ್ರದಾಯ. ನಾನೋ ಚರ್ಚಾ ಸ್ಪರ್ಧೆಗಳಲ್ಲೇ ಬೆಳೆದವಳು. ಯಾರಾದರೂ ಒಳ್ಳೆಯ ಮಾತಾಡಿದರೆ ಮೊದಲು ಅದರಲ್ಲಿ ತೂತು ಎಲ್ಲಿದೆ ಅಂತ ನೋಡುವ ಬುದ್ಧಿ. "ಈ ಸಲ ನಿಜವಾಗ್ಲೂ ಸಂಶೋಧನೆ ಮಾಡೋಣ" ಎಂದು ಮೇಡಂ ಅಂದಾಗ ಎದ್ದು ನಿಂತೆ.

"ಲ್ಯಾಬಿಲ್ಲ, ಯಂತ್ರ ಇಲ್ಲ. ಏನಿಟ್ಕೊಂಡು ಮಾಡೋದು ಮೇಡಂ?"

"ನಿನ್ ಬಾಯಿದೆಯಲ್ಲ ಲಾಯರಮ್ಮ, ಸದ್ಯಕ್ಕೆ ಅದನ್ನಿಟ್ಕೊಂಡು ಶುರು ಮಾಡೋಣ."

ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ ನಾನು ಲಾಯರಮ್ಮ.

ಅವರ ಪ್ರಶ್ನೆ ಸರಳವಾಗಿತ್ತು. ಮಗ್ಗದ ಮನೆಗಳಲ್ಲಿ ಹೆಂಗಸರ ಹೊಟ್ಟೆಗೆ ಎಷ್ಟು ಬೀಳುತ್ತದೆ? ಕೇಳಿದರೆ ಎಲ್ಲರೂ "ಒಂದು ಮುದ್ದೆ" ಅನ್ನುತ್ತಾರೆ. ಒಂದು ಮನೆಯ ಒಂದು ಮುದ್ದೆ ಪಕ್ಕದ ಮನೆಯಲ್ಲಿ ಎರಡಾದೀತು. ಅದಕ್ಕೆ ಮೇಡಂ ಸ್ಟೀಲ್ ಡಬ್ಬಿಯಲ್ಲಿ ಗೋಧಿ ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿ ತರುತ್ತಿದ್ದರು. ಮನೆಯಲ್ಲಿ ಯಾರ್‍ಯಾರಿಗೆ ಎಷ್ಟೆಷ್ಟು ಬಡಿಸ್ತೀರೋ ಅಷ್ಟಷ್ಟು ದೊಡ್ಡ ಉಂಡೆ ಕಟ್ಟಿ ತೋರಿಸಿ ಎನ್ನುವುದು, ತೂಗುವುದು. ಇದೇ ವಿಧಾನ.

ಗೋಧಿ ಹಿಟ್ಟಿನ ತೂಕವೇ ಬೇರೆ, ಬೆಂದ ಮುದ್ದೆಯ ತೂಕವೇ ಬೇರೆ ಎಂದು ಮೊದಲ ಮನೆಯಲ್ಲೇ ನಾನು ತಗಾದೆ ತೆಗೆದೆ. ಮೇಡಂ ಮಗ್ಗದ ಕೆಳಗೆ ಬಿದ್ದಿದ್ದ ತುಂಡು ನೂಲೊಂದನ್ನು ಎತ್ತಿಕೊಂಡು ಉಂಡೆಯ ಸುತ್ತ ಸುತ್ತಿದರು. "ತೂಕ ಬೇಡ ಬಿಡು. ಸುತ್ತಳತೆ ತಗೊಳೋಣ. ಇಷ್ಟೇ ದಪ್ಪದ ರಾಗಿ ಮುದ್ದೆ ಮಾಡಿ ತೂಗಿದ್ರಾಯ್ತು. ಅನುಮಾನ ನಿಂದು, ಮುದ್ದೆ ತೊಳಸೋದೂ ನೀನೇ!" ಸೋತರೂ ಹೀಗೆ ಖುಷಿಪಡುವ ಎದುರಾಳಿ ನನಗೆ ಯಾವ ವೇದಿಕೆಯ ಮೇಲೂ ಸಿಕ್ಕಿರಲಿಲ್ಲ.

ಒಂದು ಮನೆ ಮರೆಯಲಾರೆ. ಪವರ್‌ಲೂಮಿನ ಸದ್ದಿಗೆ ಕಿರುಚಿಯೇ ಮಾತಾಡಬೇಕಿತ್ತು. ಮನೆಯಾಕೆ ಗಂಡನಿಗೆ ಒಂದು ಉಂಡೆ ಕಟ್ಟಿದಳು, ಅತ್ತೆಗೆ ಸಣ್ಣದು, ಮಗನಿಗೆ ಇನ್ನೊಂದು. "ನಿಮ್ದು?" ಎಂದು ಮೇಡಂ ಕೂಗಿದರು. ಆಕೆ ಹಿಟ್ಟು ಹಿಡಿದುಕೊಂಡು ನಕ್ಕಳು.

"ನಂದಾ? ನಂಗೇಂತ ಎಲ್ಲಿ ಕಟ್ತೀನಿ ಮೇಡಂ? ತಳದಾಗೆ ಉಳ್ದಿದ್ದ ಕೆರ್ಕೊಂಡು ಅಂಗೇ ತಿಂದ್ಬಿಡ್ತೀನಿ. ಹೊಟ್ಟೆ ತುಂಬ್ತದೆ ಬುಡಿ."

ಹೊರಗೆ ಬಂದ ಮೇಲೆ ವಾದ ಶುರು ಮಾಡಿದೆ. ಒಂದು ಮನೆ ಹೀಗಂದ್ರೆ ಊರೆಲ್ಲ ಹೀಗೇನಾ? ಆಯಮ್ಮ ಹೊಟ್ಟೆ ತುಂಬ್ತದೆ ಅಂದಿದ್ದನ್ನ ನಂಬೋದಾ, ಬಿಡೋದಾ?

"ನಂಬ್ಬೇಡ ಕಣೇ" ಎಂದರು ಮೇಡಂ. "ಇನ್ನೊಂದಿನ ಹೇಳ್ದೆ ಕೇಳ್ದೆ ಊಟದ ಹೊತ್ತಿಗೆ ಹೋಗಿ ನೋಡೋಣ. ಈಗ ಪಕ್ಕದ್ಮನೆಗೆ ನಡಿ."

ಹಾಗೇ ಹೋದೆವು. ಎಷ್ಟೋ ಮನೆಗಳಿಗೆ, ಊಟದ ಹೊತ್ತಿಗೆ, ನೆಪ ಹೇಳಿಕೊಂಡು... ಬಹಳಷ್ಟು ಕಡೆ ತಳದಲ್ಲಿ ಹೆಂಗಸರಿಗೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಮಧ್ಯಾಹ್ನ ಎಲ್ಲಾದರೂ ನೆರಳಲ್ಲಿ ಕೂತಾಗ ಮೇಡಂ ತಮ್ಮ ಬುತ್ತಿ ಬಿಚ್ಚಿ ನಮ್ಮ ಕಡೆ ತಳ್ಳುತ್ತಿದ್ದರು. "ತಿನ್ರೇ, ನಂದಾಯ್ತು." ಒಮ್ಮೆ ನಾನು ಡಬ್ಬಿಯ ಹಿಟ್ಟನ್ನು ಅವರ ಮುಂದೆ ಹಿಡಿದು, "ನಿಮ್ ಮುದ್ದೆ ಎಷ್ಟು ದಪ್ಪ ಮೇಡಂ, ಕಟ್ಟಿ ತೋರ್ಸಿ" ಎಂದಿದ್ದೆ. ಅವರು ಕೈ ಒರೆಸಿಕೊಂಡರು. "ಕೊನೇ ಬೀದಿ ಮುಗೀಲಿ ತಾಯಿ. ಅವತ್ತು ನೀವೆಲ್ಲ ನಿಮ್ನಿಮ್ದು ಕಟ್ಟಿ, ನಾನೂ ಕಟ್ತೀನಿ."

ಕೊನೆಯ ಬೀದಿ ಉಳಿದಿತ್ತು. ಅಷ್ಟರಲ್ಲಿ ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರು. ಕಾಯಂನವರು ಬಂದರೆ ಅತಿಥಿಗಳು ಹೊರಡಬೇಕು. ಅದು ವ್ಯವಸ್ಥೆ. ನಾನು ಪ್ರಿನ್ಸಿಪಾಲರ ಮುಂದೆ ನಿಂತು, ಸೆಮಿಸ್ಟರ್ ಮುಗಿಯುವವರೆಗಾದರೂ ಇರಲಿ ಎಂದು ವಾದಿಸಿದೆ. ತಪ್ಪಿಲ್ಲದ ವಾದ. ಅವರು ಪೂರ್ತಿ ಕೇಳಿ, "ಚೆನ್ನಾಗಿ ಮಾತಾಡ್ತೀಯಮ್ಮ" ಅಂದರು... ಅಷ್ಟೇ.

ಹೊರಡುವ ದಿನ ಮೇಡಂ ಬಸ್ ಸ್ಟ್ಯಾಂಡಿಗೆ ಬರಲು ಹೇಳಿದ್ದರು. ಉತ್ತರದ ಯಾವುದೋ ಜಿಲ್ಲೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತಂತೆ. ಬ್ಯಾಗಿನಿಂದ ಆ ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಬೆಳಿಗ್ಗೆಯೇ ಕಲಸಿದ ಹಿಟ್ಟು, ಮೇಲೆ ಒದ್ದೆ ಬಟ್ಟೆ. "ಸಾಯಂಕಾಲದೊಳಗೆ ಬಳಸು, ಹುಳಿ ಬರುತ್ತೆ." ಬಸ್ ಹೊರಟ ಮೇಲೆ ನಾವು ಹುಡುಗಿಯರೇ ಅವತ್ತು ಆ ಕೊನೆಯ ಬೀದಿ ಮುಗಿಸಿದೆವು.

ಬೆಂಗಳೂರಿನಲ್ಲಿ ಡಿಗ್ರಿ ವಿದ್ಯಾರ್ಥಿಗಳ ಸಂಶೋಧನಾ ಸಮಾವೇಶದಲ್ಲಿ ನಮ್ಮ ಮುದ್ದೆಯ ಅಧ್ಯಯನವನ್ನು ಮಂಡಿಸಿದೆ. ತೀರ್ಪುಗಾರರೊಬ್ಬರು ಕನ್ನಡಕ ಮೇಲೇರಿಸಿ, "ಕೈಯಲ್ಲಿ ಕಟ್ಟಿ ತೋರಿಸಿದ್ದನ್ನ ನಂಬೋದು ಹೇಗಮ್ಮ?" ಎಂದರು. ಅದು ನನ್ನದೇ ಹಳೆಯ ಪ್ರಶ್ನೆ! "ನಾವೂ ನಂಬಲಿಲ್ಲ ಸರ್. ಊಟದ ಹೊತ್ತಿಗೆ ಮತ್ತೆ ಹೋಗಿ ನೋಡಿದ್ವಿ" ಎಂದೆ. ಅವರು ತಲೆಯಾಡಿಸಿದರು. ನಾನು ಬಾಗಿಲ ಕಡೆ ನೋಡಿದೆ... ಯಾರೋ ಚಹಾ ತರುತ್ತಿದ್ದರು.

ಮೊದಮೊದಲು ಮೆಸೇಜಿಗೆ ಉತ್ತರ ಬರುತ್ತಿತ್ತು. ಆಮೇಲೆ ತಡವಾಗಿ. ಈಗ ಆ ನಂಬರ್ ಬಳಕೆಯಲ್ಲಿಲ್ಲ. ಆ ಕಾಲೇಜಿಗೂ ಫೋನ್ ಮಾಡಿದೆ. ಅಲ್ಲಿಗೂ ಕಾಯಂನವರು ಬಂದಿದ್ದರು.

ಡಬ್ಬಿ ನನ್ನ ಹತ್ತಿರವೇ ಇದೆ. ಮೊನ್ನೆ ಕ್ಯಾಂಟೀನಿನಿಂದ ಬಂದವಳು ಸ್ವಲ್ಪ ಗೋಧಿ ಹಿಟ್ಟು ಕಲಸಿ, ಅವರ ಮುದ್ದೆ ಎಷ್ಟಿದ್ದೀತು ಎಂದು ಕಟ್ಟಿ ನೋಡಿದೆ. ದೊಡ್ಡದಾಯಿತು ಅನ್ನಿಸಿತು. ಚಿವುಟಿದೆ. ಮತ್ತೆ ಚಿವುಟಿದೆ... ನಂದಾಯ್ತು ಅನ್ನುತ್ತಿದ್ದರಲ್ಲ, ಆ ಮಾತನ್ನು ನಾನು ಅವತ್ತೂ ನಂಬಿರಲಿಲ್ಲ, ಇವತ್ತೂ ನಂಬುವುದಿಲ್ಲ. ನಂಬದಿದ್ದರೆ ಏನು ಮಾಡಬೇಕೆಂದು ಅವರೇ ಕಲಿಸಿದ್ದಾರೆ. ಹೇಳದೆ ಕೇಳದೆ, ಊಟದ ಹೊತ್ತಿಗೆ, ಅವರ ಮನೆಗೆ ಹೋಗಬೇಕು.

ಮನೆ ಎಲ್ಲಿದೆಯೋ. ಹಿಟ್ಟನ್ನು ಡಬ್ಬಿಗೆ ಹಾಕಿ, ಬಟ್ಟೆ ಒದ್ದೆ ಮಾಡಿ ಮುಚ್ಚಿದೆ.